ಏಳನೆಯ ಕಪಾಟು

ಸಿಕ್ಸ್ಟೆನ್ ಪಾಲ್ಮ್‌ಗ್ರೆನ್ನನ ಮನೆಯಲ್ಲಿ ಆರು ಕಪಾಟುಗಳಿದ್ದವು. ಆರರಲ್ಲಿ ಒಂದರೊಳಗೂ ಒಂದು ಕರವಸ್ತ್ರ ಇಡಲು ಯಾರಿಗೂ ಅಪ್ಪಣೆ ಇರಲಿಲ್ಲ. ಹೆಂಡತಿ ಯೇರ್ಡ್ ತನ್ನ ಉಣ್ಣೆಯಂಗಿಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗಳಿಗೆ ತುಂಬಿ ಮಂಚದ ಕೆಳಗೆ ತಳ್ಳಿಕೊಂಡು ಹದಿನೇಳು ವರ್ಷದಿಂದ ಸಂಸಾರ ಮಾಡುತ್ತಿದ್ದಳು.

ಅವೇನು ಅಂತಿಂಥ ಕಪಾಟುಗಳಲ್ಲ. 1949ರಲ್ಲಿ ಎಸ್ಕಿಲ್ ಹಾಲ್ವೀಯಸ್ ಎಂಬ ವಿನ್ಯಾಸಕಾರ ಹಳೆಯ ಸಸ್ಯಶಾಸ್ತ್ರದ ಪುಸ್ತಕವೊಂದರ ಬಣ್ಣದ ಹಾಳೆಗಳನ್ನು ಬಿಡಿಸಿ, ತೆಳ್ಳನೆಯ ಕಾಲಿನ, ಎಳೆಯುವ ಖಾನೆಗಳ ಸರಳ ಕಪಾಟುಗಳ ಮೈತುಂಬ ಅಂಟಿಸಿ, ಮೇಲೊಂದು ವಾರ್ನಿಷ್ ಎಳೆದಿದ್ದ. ಹುಲ್ಲುಗಾವಲಿನ ಹೂಗಳಿಗೊಂದು ಕಪಾಟು, ಕಾಡಿಗೊಂದು, ಕಡಲತೀರಕ್ಕೊಂದು, ಜೌಗಿಗೊಂದು, ಕೆರೆಗೊಂದು, ಬೆಟ್ಟಕ್ಕೊಂದು, ಸುಣ್ಣಕಲ್ಲಿನ ಬಯಲಿಗೊಂದು. ಹೀಗೆ ಏಳು ಮಾಡಿದ ಮೇಲೆ ಅವನಿಗೆ ಬೇಸರ ಬಂದು ಲ್ಯಾಂಪ್‌ಶೇಡು ಮಾಡಲು ಹೋದನಂತೆ. ಬದುಕಿದ್ದಾಗ ಅವನ ಕಪಾಟನ್ನು ಯಾರೂ ಮೂಸಿ ನೋಡಲಿಲ್ಲ. ಸತ್ತು ನಲವತ್ತು ವರ್ಷವಾದ ಮೇಲೆ ಮಹಾಪುರುಷನಾದ.

ಸಿಕ್ಸ್ಟೆನ್ ಸ್ಟಾಕ್‌ಹೋಮಿನಲ್ಲಿ ಮೂವತ್ತೆಂಟು ವರ್ಷ ಹಲ್ಲಿನ ವೈದ್ಯನಾಗಿದ್ದು ನಿವೃತ್ತನಾದವನು. ಹಾಲ್ವೀಯಸ್ ಕಪಾಟು ಬಳಗದ ಅಧ್ಯಕ್ಷ. ಬಳಗದಲ್ಲಿ ಒಂಬತ್ತು ಜನ. ತಿಂಗಳಿಗೊಮ್ಮೆ ಸೇರಿ, ಕೀಲಿನ ತಿರುಪು ಹಿತ್ತಾಳೆಯದೋ ಕಂಚಿನದೋ ಎಂದು ಮುಖ ಕೆಂಪಗಾಗುವಷ್ಟು ವಾದಿಸುತ್ತಿದ್ದರು. ಅಲ್ಲಿ ಯಾರಾದರೂ ಹೂವಿನ ಮಾತು ಎತ್ತಿದರೆ, ಯಾವ ಕಪಾಟಿನ ಎಷ್ಟನೆಯ ಖಾನೆಯ ಹೂವು ಎಂದು ಕೇಳುತ್ತಿದ್ದರೇ ಹೊರತು, ಹೂವು ಮಣ್ಣಿನಲ್ಲೂ ಬೆಳೆಯುತ್ತದೆ ಎಂಬುದು ಅವರ ಲೆಕ್ಕಕ್ಕೇ ಇರಲಿಲ್ಲ.

ಆರು ಕಪಾಟೂ ಸಿಕ್ಸ್ಟೆನ್ನನಲ್ಲಿದ್ದವು. ಏಳನೆಯದು, ಸುಣ್ಣಕಲ್ಲಿನ ಬಯಲಿನದು, ಎಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆಂದೇ ಅವನು ದೇಶದ ಇಪ್ಪತ್ತೆರಡು ಊರುಗಳ ಪತ್ರಿಕೆಗಳಿಗೆ ಚಂದಾದಾರನಾಗಿದ್ದ. ಸುದ್ದಿ ಓದುತ್ತಿರಲಿಲ್ಲ. ಫೋಟೋಗಳಲ್ಲಿ ಜನರ ಬೆನ್ನ ಹಿಂದೆ ಏನಿದೆ ಎಂದು ಭೂತಗನ್ನಡಿ ಹಿಡಿದು ನೋಡುತ್ತಿದ್ದ. ಮೇ ತಿಂಗಳ ಕೊನೆಯ ಒಂದು ಬೆಳಗ್ಗೆ ಕಾಫಿ ಬಟ್ಟಲನ್ನು ತಟ್ಟೆಯ ಮೇಲೆ ಕುಕ್ಕಿದ.

"ಯೇರ್ಡ್! ಬಾ ಇಲ್ಲಿ! ಸಿಕ್ತು!"

"ಏನು, ನನ್ನ ಕನ್ನಡಕಾನಾ?"

"ಏಳನೇದು ಕಣೇ!"

ಗೋಟ್ಲಾಂಡ್ ದ್ವೀಪದ ಪತ್ರಿಕೆ. ಅಪರೂಪದ ಗಿಡಗಳನ್ನು ವರ್ಷ ವರ್ಷವೂ ಎಣಿಸಿಕೊಂಡು ಬಂದ ಎಂಬತ್ತೊಂದು ವರ್ಷದ ಒಟ್ಟೀಲಿಯಾ ಹೇಗ್ಲುಂಡ್‌ಗೆ ಸಸ್ಯಪ್ರೇಮಿಗಳ ಸಂಘದಿಂದ ಸನ್ಮಾನ ಎಂದು ಸುದ್ದಿ. ಫೋಟೋದಲ್ಲಿ ಅಡುಗೆಮನೆ. ಹಿಂದುಗಡೆ ಆ ಕಪಾಟು. ಅದರ ನೆತ್ತಿಯ ಮೇಲೆ ಕಾಫಿ ಫ್ಲಾಸ್ಕು, ರೇಡಿಯೋ, ಮೊಳಕೆಯೊಡೆದ ಬಿತ್ತನೆ ಆಲೂಗಡ್ಡೆಯ ಬುಟ್ಟಿ.

ಯೇರ್ಡ್ ಬಹಳ ಹೊತ್ತು ನೋಡಿದಳು. "ಎಷ್ಟ್ ಚೆನ್ನಾಗಿ ನಗ್ತಿದಾಳೆ ಅಜ್ಜಿ."

"ಯಾವ ಅಜ್ಜಿ?" ಎಂದ ಸಿಕ್ಸ್ಟೆನ್.

ಐದನೆಯ ದಿನ ಅವನು ಹಳೆಯ ವೋಲ್ವೋ ಕಾರಿನ ಹಿಂಬದಿಗೆ ಎಂಟು ಕಂಬಳಿ ತುಂಬಿಕೊಂಡು ಹಡಗು ಹತ್ತಿದ. ಊಟದ ಸಾಲಿನಲ್ಲಿ ಸೀಗಡಿ ಬ್ರೆಡ್ಡಿಗಾಗಿ ನಿಂತಿದ್ದಾಗ ಯಾರೋ ಬೆನ್ನು ತಟ್ಟಿದರು. ತಿರುಗಿದರೆ ಫಾಬಿಯಾನ್ ವ್ರೆಟ್‌ಮಾನ್. ನಲವತ್ತರ ಆಸುಪಾಸಿನ ಈ ಮನುಷ್ಯ ಪ್ರತಿ ಶನಿವಾರ ಟೀವಿಯಲ್ಲಿ ಬಂದು ಜನರ ಅಜ್ಜಿಯರ ಬೀರುಗಳನ್ನು ಬೆರಳ ಗೆಣ್ಣಿನಿಂದ ಕುಟ್ಟಿ ಬೆಲೆ ಹೇಳುತ್ತಿದ್ದ. ಬಳಗದ ಸದಸ್ಯನೂ ಹೌದು. ಸಿಕ್ಸ್ಟೆನ್ ಸತ್ತರೆ ಆರೂ ಕಪಾಟು ತನಗೆ ಎಂದು ಕಾದು ಕೂತವನೂ ಹೌದು.

"ಅರೆ, ಸಿಕ್ಸ್ಟೆನ್! ನೀನೇನಪ್ಪ ಇಲ್ಲಿ?"

"ಸಮುದ್ರಸ್ನಾನಕ್ಕೆ. ಡಾಕ್ಟರು ಹೇಳಿದಾರೆ."

"ನೀರಿನ್ನೂ ಹನ್ನೊಂದು ಡಿಗ್ರಿ ಇದೆಯಲ್ಲೋ."

"ತಣ್ಣೀರೇ ಆಗ್ಬೇಕಂತೆ. ನೀನು?"

"ನಾನಾ? ಸೋದರತ್ತೆ ಮಗಳ ಮದುವೆ."

"ಬುಧವಾರಾನಾ? ಬುಧವಾರ ಯಾರಯ್ಯಾ ಮದುವೆ ಆಗ್ತಾರೆ?"

"ಅವರ ಮನೇಲಿ ಎಲ್ಲಾ ಸ್ವಲ್ಪ ವಿಚಿತ್ರ."

ಹಡಗಿನ ಹೊಟ್ಟೆಯಲ್ಲಿ ಇಬ್ಬರ ಕಾರುಗಳೂ ಅಕ್ಕಪಕ್ಕದಲ್ಲೇ ನಿಂತಿದ್ದವು. ಸ್ನಾನಕ್ಕೆ ಹೊರಟವನ ಕಾರಿನಲ್ಲಿ ಎಂಟು ಕಂಬಳಿ ಇರುವುದನ್ನು ಫಾಬಿಯಾನ್ ನೋಡಿದ. ಮದುವೆಗೆ ಹೊರಟವನ ಕಾರಿನಲ್ಲಿ ಸಾಮಾನು ತಳ್ಳುವ ಕೈಗಾಡಿ ಇರುವುದನ್ನು ಸಿಕ್ಸ್ಟೆನ್ ನೋಡಿದ. ಇಬ್ಬರೂ ಹವಾಮಾನದ ಮಾತಾಡಿದರು.

ದ್ವೀಪದ ಬಂದರು ವೀಸ್‌ಬೀಯಲ್ಲಿ ಇಳಿದದ್ದೇ ತಡ, ಸಿಕ್ಸ್ಟೆನ್ ಎಪ್ಪತ್ತೆರಡು ವರ್ಷದ ತನ್ನ ಬದುಕಿನಲ್ಲಿ ಮೊದಲ ಬಾರಿಗೆ ವೇಗದ ಮಿತಿ ಮೀರಿ ಓಡಿಸಿದ. ಒಟ್ಟೀಲಿಯಾಳ ಕಲ್ಲಿನ ಮನೆ ದಾರಿಯ ಕೊನೆಯಲ್ಲಿತ್ತು. ಬಾಗಿಲು ಬಡಿದ, ಯಾರೂ ಇಲ್ಲ. ಮುಂದಿನ ಕಿಟಕಿಗಳಿಗೆಲ್ಲ ಕುಂಡ, ಲೇಸಿನ ಪರದೆ. ಮನೆಯ ಹಿಂದಕ್ಕೆ ಸುತ್ತಿಬಂದ. ಅಲ್ಲಿ ಅಡುಗೆಮನೆಯ ಕಿಟಕಿ, ಕಿಟಕಿಯ ಬುಡದಿಂದಲೇ ಶುರುವಾಗಿ ಕಣ್ಣು ಹಾಯುವಷ್ಟು ದೂರ ಬಿಳಿ ಕಲ್ಲು, ಗಿಡ್ಡ ಹುಲ್ಲು. ಗಾಜಿಗೆ ಮೂಗು ಒತ್ತಿದ. ಇತ್ತು! ಹನ್ನೊಂದು ಖಾನೆ, ಹಿತ್ತಾಳೆಯ ಪುಟ್ಟ ಹಿಡಿಗಳು. ಅವನ ಉಸಿರಿಗೆ ಗಾಜು ಮಂಜಾಯಿತು. ಒರೆಸಿದ. ಮತ್ತೆ ಮಂಜಾಯಿತು.

ಅಷ್ಟರಲ್ಲಿ ಮುಂದುಗಡೆ ಕಾರು ನಿಂತ ಸದ್ದು. ಫಾಬಿಯಾನ್ ಬಾಗಿಲು ಬಡಿಯತೊಡಗಿದ. ಸಿಕ್ಸ್ಟೆನ್ ಹಿಂದುಮುಂದು ನೋಡದೆ ನಾಲ್ಕು ಹೆಜ್ಜೆ ಓಡಿ ಹುಲ್ಲಿನಲ್ಲಿ ಬೋರಲು ಬಿದ್ದ. ಬಡಿದು ಬಡಿದು ಸಾಕಾಗಿ ಫಾಬಿಯಾನ್ ಹೊರಟುಹೋದ. ಸಿಕ್ಸ್ಟೆನ್ ಮಲಗಿದಲ್ಲೇ ನಕ್ಕ. ಆಗ ಒಂದು ಕೋಲು ಬಂದು ಅವನ ಭುಜದ ಮೇಲೆ ಕೂತಿತು.

"ಹಂಗೇ ಇರು. ಅಲ್ಲಾಡ್ಬೇಡ."

ಮುದುಕಿಯ ಕಂಠ. ಸಿಕ್ಸ್ಟೆನ್ ಅಲ್ಲಾಡಲಿಲ್ಲ.

"ಬಲಗೈ ಮೊದ್ಲು. ನೆಟ್ಟಗೆ ಮೇಲಕ್ಕೆತ್ತು, ಎಳೀಬೇಡ. ಹೂಂ. ಎಡಗೈ. ಈಗ ಹೊಟ್ಟೆ ಎತ್ತು."

"ಹೊಟ್ಟೆ ಹೇಗೆ ಎತ್ತಲಿ ಅಮ್ಮಾ?"

"ಬೆಳ್ಸೋಕೆ ಬಂತಲ್ಲ, ಎತ್ತೋಕೂ ಬರುತ್ತೆ."

ಎದ್ದು ನಿಂತ ಅವನ ಕಡೆ ಒಟ್ಟೀಲಿಯಾ ನೋಡಲೇ ಇಲ್ಲ. ಮಂಡಿಯೂರಿ ಅವನು ಬಿದ್ದಿದ್ದ ಜಾಗವನ್ನು ನೋಡಿದಳು. ಕಿರುಬೆರಳಿನಷ್ಟು ಸಣ್ಣ ದಂಟು, ಅದರಲ್ಲಿ ಕಂದು ಬಣ್ಣದ ಹೂ, ಥೇಟ್ ನೊಣ ಕೂತ ಹಾಗೆ. ಅಂಥ ಮೂರು ದಂಟು ನೆಲಕಚ್ಚಿದ್ದವು.

"ಬೆಳಗ್ಗೆ ಇನ್ನೂರ ಹದಿನಾಲ್ಕಿತ್ತು. ಈಗ ಇನ್ನೂರ ಹನ್ನೊಂದು. ಇದೇನು ಅಂತ ಗೊತ್ತಾ ನಿಂಗೆ?"

"ಯಾವುದೋ... ಕಳೆ?"

ಇದೇ ಹೂವಿನ ಬಗ್ಗೆ, ಅಂದರೆ ಏಳನೆಯ ಕಪಾಟಿನ ಮೂರನೆಯ ಖಾನೆಯ ಎಡಭಾಗದ ಹಾಳೆಯ ಬಗ್ಗೆ, ಹಳೆಯ ಪ್ರದರ್ಶನದ ಫೋಟೋ ಒಂದನ್ನೇ ಇಟ್ಟುಕೊಂಡು ಸಿಕ್ಸ್ಟೆನ್ ಬಳಗದಲ್ಲಿ ನಲವತ್ತು ನಿಮಿಷ ಉಪನ್ಯಾಸ ಕೊಟ್ಟಿದ್ದ.

"ನೊಣದ ಹೂ," ಎಂದಳು ಮುದುಕಿ. "ಹೆಣ್ಣು ಕಣಜದ ವೇಷ ಹಾಕ್ಕೊಂಡು ನಿಂತಿರುತ್ತೆ. ಗಂಡು ಕಣಜ ಓಡೋಡಿ ಬಂದು ತಬ್ಕೊಳುತ್ತೆ. ಹೆಣ್ಣೂ ಇಲ್ಲ, ಜೇನೂ ಇಲ್ಲ. ಬುದ್ಧಿ ಬರುತ್ತಾ? ಇಲ್ಲ. ಪಕ್ಕದ ಹೂವಿಗೆ ಹೋಗಿ ಅದನ್ನೂ ತಬ್ಕೊಳುತ್ತೆ. ಇದನ್ನ ಕಿತ್ರೆ ಕಾನೂನಿನ ಪ್ರಕಾರ ದಂಡ. ಮೇಲೆ ಮಲಗಿದ್ರೆ ಏನು ಅಂತ ಬರೆದಿಲ್ಲ, ಯಾರಾದ್ರೂ ಮಲಗ್ತಾರೆ ಅಂತ ಅಂದ್ಕೊಂಡಿರಲಿಲ್ಲ ಅಂತ ಕಾಣುತ್ತೆ."

"ನೀವು ದಯವಿಟ್ಟು ಕ್ಷಮಿಸಬೇಕು..."

"ನೀವಾ? ಯಾರದು ನೀವು?" ಅವಳು ತಿರುಗಿ ತನ್ನ ಬೆನ್ನ ಹಿಂದೆ ನೋಡಿದಳು. "ನಾನೊಬ್ಳೇ ಇದೀನಿ. ಸ್ಟಾಕ್‌ಹೋಮಿಂದ ಬಂದಿದೀಯ ಅನ್ನು. ಬಾ, ಕಾಫಿ ಕುಡಿ. ಅಂಗಿ ಕೊಡವ್ಕೋ."

ಅಡುಗೆಮನೆಯಲ್ಲಿ ಸಿಕ್ಸ್ಟೆನ್ ಕಪಾಟಿನ ಮುಂದೆ ನಿಂತ. ನಿಂತವನ ಬಾಯಿಂದ ಒಂದು ನರಳಿಕೆ ಹೊರಟಿತು. ಗಟ್ಟಿ ಬೀಜ ಕಡಿದು ಹಲ್ಲು ಒಡೆದುಕೊಂಡು ಬಂದ ರೋಗಿಗಳನ್ನು ನೋಡಿದಾಗ ಬರುತ್ತಿದ್ದಂಥ ನರಳಿಕೆ. ಚಿತ್ರಗಳ ಸುತ್ತಲಿನ ಬಿಳಿ ಜಾಗದ ತುಂಬ ಪೆನ್ಸಿಲ್ಲಿನ ಬರಹ. "4 ಜೂನ್ 1961, ಬಾವಿಯ ಹತ್ತಿರ, 37." "9 ಜೂನ್ 1968, ಮಳೆ ಇಲ್ಲ, 12 ಮಾತ್ರ." ಸಾಲಿನ ಮೇಲೆ ಸಾಲು, ಇರುವೆ ಸಾಲಿನ ಹಾಗೆ, ಹನ್ನೊಂದು ಖಾನೆಯ ಮುಖದ ಮೇಲೂ. ಒಂದು ಚಿತ್ರದ ಪಕ್ಕದಲ್ಲಂತೂ ದಪ್ಪ ಅಕ್ಷರದಲ್ಲಿ "ತಪ್ಪು! ಎಲೆ ಇಷ್ಟು ಅಗಲ ಇರಲ್ಲ" ಎಂದು ಬರೆದಿತ್ತು.

"ಇದರ ಮೇಲೆ... ಬರೆದಿದೀರ?"

"ನಮ್ಮ ಚಿಕ್ಕಮ್ಮ ಆ ಹಾಲ್ವೀಯಸ್ ಮನೇಲಿ ಅಡುಗೆಗಿದ್ಳು. ಯಾರೂ ಕೊಳ್ಳಲಿಲ್ಲ ಅಂತ ಅವನು ಅವಳ ತಲೆಗೆ ಕಟ್ಟಿದ. ಅವಳು ನನ್ನ ಮದುವೆಗೆ ನನ್ನ ತಲೆಗೆ ಕಟ್ಟಿದ್ಳು. ಹೊರಗಡೆ ಎಣಿಸ್ಕೊಂಡ್ ಬರ್ತೀನಿ, ಮರೆಯೋಕೆ ಮುಂಚೆ ಬರೀಬೇಕು, ಕಾಗದ ಹುಡ್ಕೋಕೆ ಪುರುಸೊತ್ತೆಲ್ಲಿ? ಹೂವಿನ ಪಕ್ಕದಲ್ಲೇ ಜಾಗ ಇತ್ತು. ಅಳಿಸಿಹೋಗ್ದೇ ಇರ್ಲಿ ಅಂತ ಕ್ರಿಸ್‌ಮಸ್‌ಗೊಂದ್ಸಲ ಮೇಣ ತಿಕ್ತೀನಿ."

ಸಿಕ್ಸ್ಟೆನ್ ಕುರ್ಚಿ ಹಿಡಿದು ಕೂತ. ಅವಳು ಕೇಸರಿ ಹಾಕಿದ ಗಟ್ಟಿ ಪ್ಯಾನ್‌ಕೇಕನ್ನೂ ಕಾಡುಹಣ್ಣಿನ ಜಾಮನ್ನೂ ಮುಂದಿಟ್ಟಳು. ಅದನ್ನು ನುಂಗುತ್ತ ಅವನು ಚೌಕಾಸಿಯ ಮಾತು ಶುರುಮಾಡಿದ. ಕಪಾಟು ಪೂರ್ತಿ ಹಾಳಾಗಿದೆ, ಯಾರೂ ಮುಟ್ಟುವುದಿಲ್ಲ, ಆದರೂ ತಾನು ಮರುಕಪಟ್ಟು ತೆಗೆದುಕೊಂಡು ಹೋಗಿ, ರಬ್ಬರಿನಿಂದ ನಿಧಾನವಾಗಿ...

"ನೀನು ಎರಡನೇಯೋನು," ಎಂದಳು ಒಟ್ಟೀಲಿಯಾ. "ನಿನ್ನೆ ಒಬ್ಬ ಫೋನಲ್ಲಿ ಇದೇ ಮಾತು ಹೇಳ್ದ, ಫಾಬಿಯಾನ್ ಅಂತೆ. ಹಾಳಾದ ಸಾಮಾನಿಗೆ ಇಷ್ಟು ಜನ ಮರುಗ್ತೀರಲ್ಲ, ಪುಣ್ಯಾತ್ಮರು. ಆಗಲ್ಲಪ್ಪ. ಈಗ ಕೊಡೋಕಾಗಲ್ಲ. ಇದು ಕೋರ್ಟಿಗೆ ಬೇಕು."

ವಿಷಯ ಇಷ್ಟು. ಸುಣ್ಣಕಲ್ಲಿನ ಗಣಿ ಕಂಪನಿಯೊಂದು ಆ ಬಯಲನ್ನು ಅಗೆಯಲು ಅನುಮತಿ ಕೇಳಿತ್ತು. ನೊಣದ ಹೂವು ಅಲ್ಲಿಗೆ ಈಚೆಗೆ ಬಂದದ್ದು, ಹಿಂದೆ ಇದ್ದ ದಾಖಲೆಯೇ ಇಲ್ಲ, ಇಂದು ಬಂದದ್ದು ನಾಳೆ ಇನ್ನೊಂದು ಕಡೆ ಹೋಗುತ್ತದೆ ಎಂಬುದು ಅವರ ವಾದ. ಸಸ್ಯಸಂಘದವರ ಕಡತ ಶುರುವಾಗುವುದೇ 1998ರಿಂದ. ಅದಕ್ಕೂ ಹಿಂದಿನ ಮೂವತ್ತೇಳು ವರ್ಷ ಈ ಅಡುಗೆಮನೆಯ ಕಪಾಟಿನ ಮೇಲೆ ಮಾತ್ರ ಇತ್ತು.

"ಒಂದು ಮಾತು ಹೇಳ್ತೀನಿ," ಎಂದಳು ಅವಳು ಕಾಫಿ ಬಗ್ಗಿಸುತ್ತ. "ಇದೆಲ್ಲಾ ಸುಳ್ಳು ಲೆಕ್ಕ ಅಂತ ಹೇಳಿ ಗಣಿಯೋರು ಗೆದ್ರೆ ಕಪಾಟು ನಿಂಗೇ. ಬಯಲೇ ಹೋದ್ಮೇಲೆ ಬಯಲಿನ ಚಿತ್ರ ಇಟ್ಕೊಂಡು ನಾನೇನ್ ಮಾಡ್ಲಿ? ಆ ಫೋನಿನವನಿಗೆ ಕೊಡಲ್ಲ, ನಿಂಗೇ. ನೀನು ಹೇಳಿದ ತಕ್ಷಣ ಹೊಟ್ಟೆನಾದ್ರೂ ಎತ್ತಿದೆ."

ಆ ಬೇಸಿಗೆ ಸಿಕ್ಸ್ಟೆನ್ ಗಣಿ ಕಂಪನಿಯ ಆರುನೂರು ಪುಟದ ವರದಿಯನ್ನು ತರಿಸಿ ಓದಿದ. ಸಸ್ಯಸಂಘದವರ ಉತ್ತರವನ್ನೂ ಓದಿದ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಮಾತು ಅಕ್ಷರಶಃ ನಿಜವಾದದ್ದು ಆಗಲೇ. ಕಂಪನಿಯ ವರದಿಯಲ್ಲಿ ಎಷ್ಟು ಸಮತೋಲ, ಎಷ್ಟು ದೂರದೃಷ್ಟಿ! ಸಂಘದವರದು ಬರೀ ಭಾವುಕತೆ.

"ದೇಶಕ್ಕೆ ಸಿಮೆಂಟು ಬೇಕು, ಯೇರ್ಡ್," ಎಂದ ಒಂದು ದಿನ ಊಟಕ್ಕೆ ಕೂತು.

"ಸಿಮೆಂಟ್ ಕಟ್ಟಡ ಕಂಡ್ರೆ ಮೂಗು ಮುರೀತಿದ್ದೋನು ನೀನೇ ಅಲ್ವಾ?"

"ದೊಡ್ಡ ದೃಷ್ಟಿಯಿಂದ ನೋಡ್ಬೇಕು."

"ನೋಡಪ್ಪ. ಆ ಗೋಡೆ ಪಕ್ಕ ಟೇಪ್ ಅಂಟಿಸಿ ಒಂದ್ ಮೀಟರ್ ಜಾಗ ಗುರುತು ಮಾಡಿದೀಯಲ್ಲ, ದೊಡ್ಡ ದೃಷ್ಟಿ ಅಲ್ಲಿಗೇ ನೆಟ್ಟಿದೆ."

ಕಪಾಟಿಗೆ ಏನೂ ಆಗದಂತೆ ನೋಡಿಕೊಳ್ಳುವ ನೆಪದಲ್ಲಿ ಅವನು ಮತ್ತೆ ಮೂರು ಸಲ ದ್ವೀಪಕ್ಕೆ ಹೋಗಿಬಂದ. ಒಟ್ಟೀಲಿಯಾ ಬಿಟ್ಟಿ ಕೂಡಿಸುವವಳಲ್ಲ. ದಾರ, ಗೂಟ ಕೊಟ್ಟು ಬಯಲಿಗೆ ಅಟ್ಟಿದಳು. ಅವನು ಅಂಬೆಗಾಲಿಟ್ಟು, ಅವಳು ಕೂಗಿದ್ದನ್ನು ಎಣಿಸಿದ. ಮನಸ್ಸಿಲ್ಲದ ಮನಸ್ಸಿನಿಂದಲೇ ಹನ್ನೊಂದು ಗಿಡಗಳ ಗುರುತು ಹಿಡಿಯುವಂತಾದ. ಒಂದು ಸಂಜೆ ಪುಟ್ಟ ಹಳದಿ ಹೂವೊಂದನ್ನು ತೋರಿಸಿ "ಆರನೇ ಖಾನೆ, ಬಲಗಡೆ!" ಎಂದು ಕೂಗಿದಾಗ ಮುದುಕಿ ಆಕಾಶ ನೋಡಿದಳು. ಆದರೂ ಬೈಯಲಿಲ್ಲ.

ಸೆಪ್ಟೆಂಬರಿನಲ್ಲಿ ಪರಿಸರ ನ್ಯಾಯಪೀಠ ವೀಸ್‌ಬೀಯ ಒಂದು ಬಾಡಿಗೆ ಸಭಾಂಗಣದಲ್ಲಿ ಕೂತಿತು. ಕಪಾಟನ್ನು ತಂದವನು ಸಿಕ್ಸ್ಟೆನ್ನೇ. ಎಂಟು ಕಂಬಳಿ ಸುತ್ತಿ, ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ, ಹಿಂದೆ ಟ್ರ್ಯಾಕ್ಟರುಗಳ ಮೆರವಣಿಗೆ ಕಟ್ಟಿಕೊಂಡು ಬಂದ. ಕಪಾಟು ನ್ಯಾಯಾಧೀಶರ ಮುಂದೆ ಕಂಬಳಿಯ ಮೇಲೆ ನಿಂತಿತು. ಸಾಕ್ಷಿ ಎಂದು ಅದಕ್ಕೆ ಒಂದು ನಂಬರೂ ಬಂತು.

ಕಂಪನಿಯ ವಕೀಲ ತನ್ನ ತಜ್ಞನನ್ನು ಕರೆದ. ಎದ್ದು ಬಂದವನು ಫಾಬಿಯಾನ್! ಟೀವಿಯಲ್ಲಿ ತೊಡುವ ಅದೇ ಹಸಿರು ಕೋಟು ತೊಟ್ಟಿದ್ದ. ಅವನ ಲೆಕ್ಕಾಚಾರ ಸಿಕ್ಸ್ಟೆನ್ನನಿಗೆ ಕ್ಷಣದಲ್ಲಿ ಅರ್ಥವಾಯಿತು. ಬರಹ ಸುಳ್ಳು ಎಂದಾಗಿಬಿಟ್ಟರೆ ಕಪಾಟು ಮಾರಾಟಕ್ಕೆ ಬರುತ್ತದೆ; ಮುದುಕಿಯ ಮಾತು ಅವನಿಗೆ ಗೊತ್ತಿಲ್ಲ. ಸಿಕ್ಸ್ಟೆನ್ನನಿಗೆ ಒಳಗೊಳಗೇ ನಗು ಬಂತು. ನೀನು ಬೇಯಿಸಪ್ಪ, ನಾನು ಉಣ್ಣುತ್ತೇನೆ ಎಂದುಕೊಂಡ.

ಫಾಬಿಯಾನ್ ಕಪಾಟಿನ ಸುತ್ತ ಒಂದು ಸುತ್ತು ಬಂದು, ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿದ. "ಪೆನ್ಸಿಲ್ ಬರಹ ಇನ್ನೂ ಕಪ್ಪಗೆ ಹೊಳೀತಿದೆ. ಇದು ಅರವತ್ತು ವರ್ಷದ್ದಲ್ಲ. ಈ ವಸಂತದಲ್ಲಿ ಒಂದೇ ಸಲ ಕೂತು ಬರೆದದ್ದು. ಅಜ್ಜಿ ಒಳ್ಳೇ ಉದ್ದೇಶದಿಂದ್ಲೇ ಬರೆದಿರ್ಬೋದು, ನನಗೆ ಅವರ ಮೇಲೆ ಗೌರವ ಇದೆ."

ಒಟ್ಟೀಲಿಯಾ ಮಡಿಲಲ್ಲಿ ಕೈಯಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಅವಳ ಕೆನ್ನೆ ಕೆಂಪಾಗಿತ್ತು. ಸಿಕ್ಸ್ಟೆನ್ ತನ್ನ ಬೂಟಿನ ದಾರ ನೋಡಿಕೊಂಡ. ಇನ್ನು ಹತ್ತು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಆ ಒಂದು ಮೀಟರ್ ಗೋಡೆ ತುಂಬುತ್ತದೆ. ಜಗತ್ತಿನಲ್ಲಿ ಏಳೂ ಇರುವವನು ತಾನೊಬ್ಬನೇ.

"ಇದರ ಮೇಲೆ," ಎಂದು ಫಾಬಿಯಾನ್ ಮುಗಿಸುವ ಧಾಟಿಯಲ್ಲಿ ಹೇಳಿದ, "ಒಂದೇ ಒಂದು ಪದರ ಮೇಣ ಇದೆ. ಅದೂ ಅಂಗಡೀಲಿ ಸಿಗೋ ಹೊಸ ಪಾಲಿಷ್."

"ಒಂದೇ ಪದರ?"

ಇಡೀ ಸಭಾಂಗಣ ತಿರುಗಿ ನೋಡಿತು. ಮಾತಾಡಿದ್ದು ಯಾರು ಎಂದು ಸಿಕ್ಸ್ಟೆನ್ನನೂ ತಿರುಗಿ ನೋಡಿದ. ಅಷ್ಟು ಹೊತ್ತಿಗೆ ಅವನು ಎದ್ದು ನಿಂತಾಗಿತ್ತು.

"ಒಂದೇ ಪದರ ಅಂತೆ! ಕಣ್ಣಿದೆಯೇನಯ್ಯಾ ನಿಂಗೆ? ಹಾಲ್ವೀಯಸ್ ಬಳಗದ ಸದಸ್ಯ ಅಂತ ಹೇಳ್ಕೊಂಡು ತಿರುಗ್ತೀಯಲ್ಲ!"

ಪೀಠದ ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡಳು. "ಯಾರು ಇವರು?"

"ಹಲ್ಲಿನ ಡಾಕ್ಟ್ರು," ಎಂದಳು ಒಟ್ಟೀಲಿಯಾ. "ನನ್ನ ಹೂವಿನ ಮೇಲೆ ಮಲಗಿದ್ದೋರು. ಆದ್ರೆ ಕಪಾಟಿನ ವಿಷಯ ಅಂದ್ರೆ ಆಸಾಮಿಗೆ ಹುಚ್ಚು. ಕೇಳು, ಹೇಳ್ತಾನೆ."

ಅವನಿಗೆ ಹೇಳುವ ಮನಸ್ಸಿತ್ತೋ ಇಲ್ಲವೋ, ಕಾಲು ಆಗಲೇ ಕಪಾಟಿನ ಕಡೆಗೆ ನಡೆದಿತ್ತು. ಕೋಟಿನ ಎದೆಯ ಜೇಬಿನಿಂದ ಹಲ್ಲು ನೋಡುವ ಪುಟ್ಟ ಕನ್ನಡಿಯನ್ನೂ ಕೊಕ್ಕೆಕಡ್ಡಿಯನ್ನೂ ತೆಗೆದ. ಅವಿಲ್ಲದೆ ಅವನು ಯಾವ ಕಪಾಟನ್ನೂ ನೋಡುತ್ತಿರಲಿಲ್ಲ. ಮಂಡಿಯೂರಿದ. ಖಾನೆಯ ಅಂಚಿನಲ್ಲಿ ಮೇಣವನ್ನು ಕೂದಲೆಳೆಯಷ್ಟು ಕೆರೆದು, ಅಧ್ಯಕ್ಷೆಯನ್ನು ಹತ್ತಿರ ಕರೆದು ಕನ್ನಡಿ ಹಿಡಿದ.

"ಮೂವತ್ತೆಂಟು ವರ್ಷ ಜನರ ಹಲ್ಲಿನ ಮೇಲಿನ ಗಾರೆ ಕೆರೆದಿದೀನಿ. ಪದರ ಓದೋದು ನಂಗೊತ್ತು. ನೋಡಿ, ಮೇಲೆ ತಿಳಿ ಹಳದಿ. ಅದರ ಕೆಳಗೆ ಇನ್ನೊಂದು, ಮತ್ತೊಂದು. ಇಲ್ಲಿ ಇದ್ದಕ್ಕಿದ್ದ ಹಾಗೆ ಕಪ್ಪು. ಇಲ್ಲಿಂದ ಕೆಳಕ್ಕೆ ಎಲ್ಲಾ ಕಪ್ಪೇ. ಇದು ಮಸಿ, ಸೌದೆ ಒಲೆ ಮಸಿ." ತಿರುಗಿ ಕೂಗಿದ: "ಒಟ್ಟೀಲಿಯಾ! ಸೌದೆ ಒಲೆ ಯಾವಾಗ ತೆಗೆಸ್ದೆ ನೀನು?"

"ಎಪ್ಪತ್ನಾಲ್ಕು, ಅಕ್ಟೋಬರ್. ಒಲೆ ಎತ್ತೋಕೆ ಹೋಗಿ ನಮ್ಮನೆಯೋರು ಸೊಂಟ ಹಿಡ್ಕೊಂಡ್ ಕೂತಿದ್ದು ಆವತ್ತೇ."

"ಎಪ್ಪತ್ನಾಲ್ಕರ ಜೂನ್ ಬರಹ ಇದು. ಮಸಿ ಪದರದ ಕೆಳಗಿದೆ. ಎಪ್ಪತ್ತೈದರ ಜೂನ್ ಇಲ್ಲಿದೆ, ಮಸಿಯ ಮೇಲೆ. ಕೆಳಗಿರೋ ಅಕ್ಷರ ಕಪ್ಪಗೆ ಹೊಳಿಯೋದು ಮೇಣ ಕಾಪಾಡಿರೋದ್ರಿಂದ. ಈ ವಸಂತದಲ್ಲಿ ಕೂತು ಬರೆದಿದ್ರೆ ಮಸಿ ಅದರ ಮೇಲೆ ಹೇಗೆ ಬಂತು? ಹಿಂದಿನ ತಾರೀಖು ಹಾಕೋಕೆ ಮಸಿಗೆ ಬರಲ್ಲ."

ಅರ್ಧ ಗಂಟೆ ಮಾತಾಡಿದ. ಮೂರು ನ್ಯಾಯಾಧೀಶರೂ ಸರದಿಯ ಮೇಲೆ ಮಂಡಿಯೂರಿ ಕನ್ನಡಿಯಲ್ಲಿ ನೋಡಿದರು. ವಕೀಲ ಒಂದು ಪ್ರಶ್ನೆ ಕೇಳಿ, ಉತ್ತರ ಕೇಳಿದ ಮೇಲೆ ಎರಡನೆಯದನ್ನು ಕೇಳಲಿಲ್ಲ. ಎಲ್ಲ ಮುಗಿದು ಸಿಕ್ಸ್ಟೆನ್ ತನ್ನ ಕುರ್ಚಿಗೆ ಮರಳಿ ಕೂತಾಗಷ್ಟೇ ಏನು ಮಾಡಿದೆ ಎಂಬುದು ಹೊಳೆಯಿತು.

ಹೊರಗಿನ ಪಡಸಾಲೆಯಲ್ಲಿ ಫಾಬಿಯಾನ್ ಅವನ ತೋಳು ಹಿಡಿದ. "ಹುಚ್ಚು ಹಿಡಿದಿದೆಯಾ ನಿಂಗೆ? ಇನ್ನು ಆ ಕಪಾಟು ನಂಗೂ ಇಲ್ಲ, ನಿಂಗೂ ಇಲ್ಲ!"

"ಒಂದೇ ಪದರ ಅಂದೆಯಲ್ಲೋ," ಎಂದ ಸಿಕ್ಸ್ಟೆನ್. ದನಿಯಲ್ಲಿ ಶಕ್ತಿ ಇರಲಿಲ್ಲ. "ನಾಚಿಕೆ ಆಗಲ್ವಾ?"

ಮುದುಕಿ ಕೊಟ್ಟಿದ್ದ ಮಾತನ್ನು ಅವಳ ಬಾಯಿಂದಲೇ ಕೇಳಿದ ದ್ವೀಪದ ಪತ್ರಿಕೆ ಮರುದಿನ "ಹೂವಿಗಾಗಿ ಕಪಾಟು ತೊರೆದ ದಂತವೈದ್ಯ" ಎಂದು ಬರೆಯಿತು. ಹಡಗಿನಲ್ಲಿ ಅಪರಿಚಿತ ಹೆಂಗಸೊಬ್ಬಳು ಬಂದು ಅವನ ಕೈಕುಲುಕಿ, ನಿಮ್ಮಂಥವರಿಂದಲೇ ನಿಸರ್ಗ ಉಳಿದಿದೆ ಎಂದಳು. ಅವನು ತಲೆಬಾಗಿ ಧನ್ಯವಾದ ಹೇಳಿ, ಪತ್ರಿಕೆಯ ಐದು ಪ್ರತಿ ಕೊಂಡು, ಹಡಗಿನ ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡು ಅತ್ತ.

ನವೆಂಬರಿನಲ್ಲಿ ತೀರ್ಪು ಬಂತು. ಗಣಿಗೆ ಅನುಮತಿ ಇಲ್ಲ. ಕಪಾಟು ಪ್ರಕರಣದ ಮೂಲ ದಾಖಲೆಯಾದ್ದರಿಂದ ಶಾಶ್ವತವಾಗಿ ದಾಖಲೆ ಭಂಡಾರಕ್ಕೆ ಸೇರಬೇಕು. ಸಿಕ್ಸ್ಟೆನ್ ಅರ್ಜಿ ಹಾಕಿ ನೋಡಲು ಹೋದ. ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತೆ ಕಂಪ್ಯೂಟರ್ ನೋಡುತ್ತ ಕೇಳಿದಳು:

"ಎಷ್ಟು ಪುಟದ ದಾಖಲೆ?"

"ಪುಟ ಅಲ್ಲ. ಹನ್ನೊಂದು ಖಾನೆ."

"ಖಾನೆ ಅಂತ ಇದರಲ್ಲಿ ಇಲ್ಲ. ಹನ್ನೊಂದು ಪುಟ ಅಂತ ಹಾಕ್ಲಾ? ನಕಲು ಬೇಕಾದ್ರೆ ಎ-ಫೋರ್ ಹಾಳೇಲಿ ಮಾತ್ರ ಕೊಡ್ತೀವಿ."

ನೆಲಮಾಳಿಗೆಯಲ್ಲಿ, ಕಬ್ಬಿಣದ ಹಲಗೆಗಳ ನಡುವೆ ಕಪಾಟು ನಿಂತಿತ್ತು. ಗೆರೆ ಗೆರೆಯ ನಂಬರಿನ ಬಿಳಿ ಚೀಟಿಯೊಂದನ್ನು ಯಾರೋ ಗಟ್ಟಿ ಅಂಟು ಹಾಕಿ ಸರಿಯಾಗಿ ಮೂರನೆಯ ಖಾನೆಯ ಹೂವಿನ ಮುಖದ ಮೇಲೆ ಅಂಟಿಸಿದ್ದರು. ಸಿಕ್ಸ್ಟೆನ್ ಕಣ್ಣು ಮುಚ್ಚಿಕೊಂಡ. ಮುಟ್ಟಬಾರದು ಎಂದು ಕಾವಲಿನವನು ಎರಡು ಸಲ ಎಚ್ಚರಿಸಿದ.

ಅಷ್ಟರಲ್ಲಿ ಮಾರುಕಟ್ಟೆಯಲ್ಲಿ ಗಾಳಿ ತಿರುಗಿತ್ತು. ಗಾಳಿ ತಿರುಗಿಸಿದವನು ಫಾಬಿಯಾನೇ. ಪೆನ್ಸಿಲ್ ಬರಹವಿರುವ ಪೀಠೋಪಕರಣವೇ ನಿಜವಾಗಿ ಬಾಳಿದ್ದು, ಬರಹವಿಲ್ಲದ್ದು ಬರೀ ಗೊಂಬೆ ಎಂದು ಟೀವಿಯಲ್ಲಿ ಗದ್ಗದಿತನಾಗಿ ಹೇಳಿದ. ಚಳಿಗಾಲ ಮುಗಿಯುವುದರೊಳಗೆ ಹೂವಿನ ಚಿತ್ರದ ಹಳೆಯ ಮೇಜು, ತಟ್ಟೆ, ಲ್ಯಾಂಪ್‌ಶೇಡು ಎಲ್ಲದರ ಮೇಲೂ ಎಲ್ಲಿಂದಲೋ ತಾರೀಖುಗಳು ಮೂಡಿದವು. ಹರಾಜಿಗೆ ಬಂದ ಒಂದು ಟ್ರೇ ಮೇಲೆ "1958, ಡ್ಯಾಂಡೆಲಿಯನ್ ಕಳೆ, ತುಂಬಾ ಇವೆ" ಎಂದಿತ್ತು. ಬಳಗದ ಎಂಟೂ ಜನ ತಮ್ಮ ತಮ್ಮ ಸಾಮಾನನ್ನು ಕದ್ದುಮುಚ್ಚಿ ತಂದು, ಪದರ ನೋಡಿ ಹೇಳು ಎಂದು 'ಹೂವಿಗಾಗಿ ತೊರೆದ' ಅಧ್ಯಕ್ಷನ ಮುಂದೆ ಇಟ್ಟರು. ಅವನು ಕನ್ನಡಿ ಹಿಡಿದು, ಕೆರೆದು, "ಹೋದ ಗುರುವಾರ" ಎಂದು ಹೇಳಿ ಹೇಳಿ ಕಳಿಸಿದ. ಇಬ್ಬರು ಮಾತು ಬಿಟ್ಟರು.

ಜೂನ್ ಬಂತು. ಒಟ್ಟೀಲಿಯಾ ಫೋನ್ ಮಾಡಿ, "ಮಂಡಿ ನೋವು, ಬಗ್ಗೋಕಾಗಲ್ಲ, ಬಾ. ಬರೋವಾಗ ತಿರುಪುಳಿ ತಗೊಂಡ್ ಬಾ," ಎಂದಳು. ಈ ಸಲ ಯೇರ್ಡ್ ಕೂಡ ಹೊರಟಳು. ಮೂರು ದಿನ ಸಿಕ್ಸ್ಟೆನ್ ಬಯಲಿನಲ್ಲಿ ಅಂಬೆಗಾಲಿಟ್ಟ, ಇಬ್ಬರು ಹೆಂಗಸರೂ ಕಲ್ಲಿನ ಬೇಲಿಯ ಮೇಲೆ ಕೂತು, ಕಾಫಿ ಕುಡಿಯುತ್ತ, "ಅಲ್ಲಿ, ಅಲ್ಲಿ ಬಿಟ್ಟೆ ನೋಡು!" ಎಂದು ಕೈತೋರಿಸಿದರು. ಎಣಿಸಿದ್ದನ್ನು ಯೇರ್ಡ್ ಗೆರೆಪಟ್ಟಿಯ ಶಾಲಾ ಪುಸ್ತಕದಲ್ಲಿ ಬರೆದಳು.

ಕೊನೆಯ ದಿನ ತಿರುಪುಳಿಯ ಕೆಲಸ. ಕಪಾಟಿದ್ದ ಜಾಗಕ್ಕೆಂದು ಒಟ್ಟೀಲಿಯಾ ರಟ್ಟಿನ ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ ಬರುವ, ನಾವೇ ಜೋಡಿಸಿಕೊಳ್ಳಬೇಕಾದ ಬಿಳಿ ಖಾನೆಪೆಟ್ಟಿಗೆ ತರಿಸಿದ್ದಳು. ಸಿಕ್ಸ್ಟೆನ್ ನಾಲ್ಕು ಗಂಟೆ ನೆಲದ ಮೇಲೆ ಕೂತು, ಹಲ್ಲು ಕಚ್ಚಿಕೊಂಡು ಜೋಡಿಸಿದ.

"ಇದಕ್ಕೆ ಮೇಣ ಬೇಡ್ವಾ?" ಎಂದ ಎದ್ದು ನಿಂತು.

"ಒದ್ದೆ ಬಟ್ಟೇಲಿ ಒರೆಸಿದ್ರೆ ಸಾಕಂತೆ." ಅವಳು ಮೇಲಿನ ಖಾನೆಯನ್ನು ಒಂದು ಬೆರಳಿನಿಂದ ಎಳೆದು, ಒಂದು ಬೆರಳಿನಿಂದ ತಳ್ಳಿದಳು. "ಆಹಾ! ಅರವತ್ತು ವರ್ಷ ಆ ದರಿದ್ರದ ಖಾನೆ ಎಳೆದು ಎಳೆದು ನನ್ನ ಭುಜ ಹೋಗಿತ್ತು ಕಣಯ್ಯಾ. ಮಳೆ ಹಿಡಿದಾಗ ಚಮಚ ಬೇಕಾದ್ರೆ ಕಾಲು ಕೊಟ್ಟು ಎಳೀಬೇಕಿತ್ತು. ನಿಮ್ಮ ಹಾಲ್ವೀಯಸ್‌ಗೆ ಹೂ ಅಂಟ್ಸೋಕೆ ಬರ್ತಿತ್ತು, ಖಾನೆ ಮಾಡೋಕೆ ಬರ್ತಿರಲಿಲ್ಲ."

ಅವಳು ಯೇರ್ಡ್‌ಳನ್ನು ಕರೆದುಕೊಂಡು ಆಲೂಗಡ್ಡೆ ಪಾತಿ ತೋರಿಸಲು ಹೊರಗೆ ಹೋದಳು. ಅಡುಗೆಮನೆಯಲ್ಲಿ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಸಿಕ್ಸ್ಟೆನ್ ತಾನೂ ಒಂದು ಬೆರಳಿನಿಂದ ಎಳೆದ. ಬೆಣ್ಣೆಯಂತೆ ಬಂತು. ತಳ್ಳಿದ; ಸದ್ದಿಲ್ಲದೆ ಮುಚ್ಚಿಕೊಂಡಿತು. ಇನ್ನೊಂದು ಸಲ ಎಳೆದ. ಈ ವಿಷಯವನ್ನು ಅವನು ಬಳಗದ ಯಾವ ಸಭೆಯಲ್ಲೂ ಇದುವರೆಗೆ ಬಾಯಿಬಿಟ್ಟಿಲ್ಲ.